ಮೂರು ದಿನಕ್ಕೆ ಹಲ್ಲು ಅಂತಾರೆ, ಮೂರು ತಿಂಗಳು ಕಾಯಿರಿ ಅಂತಾರೆ: ಇಂಪ್ಲಾಂಟ್ ಮೇಲೆ ಬೀಳುವ ಭಾರದ ಲೆಕ್ಕ ಗೊತ್ತಿರುವವರು ಹೇಳಿ

ಮದ್ದೂರಿನ ಮಗಳು:

ಎಲ್ಲರಿಗೂ ನಮಸ್ಕಾರ. ಅಪ್ಪನ ವಿಷಯಕ್ಕೆ ಸಲಹೆ ಬೇಕಿತ್ತು. ಅವರಿಗೆ 67 ವರ್ಷ. ಈಗಲೂ ಗದ್ದೆ ಕೆಲಸ ಬಿಟ್ಟಿಲ್ಲ. ಕೆಳಗಿನ ಸಾಲಿನಲ್ಲಿ ಒಂದು ಹಲ್ಲೂ ಉಳಿದಿಲ್ಲ. ಮೇಲೆ ಮುಂದಿನ ಹಲ್ಲುಗಳು, ಬಲಗಡೆಯ ದವಡೆ ಹಲ್ಲುಗಳು ಗಟ್ಟಿಯಾಗಿವೆ. ಕೆಳಗೆ ಹಾಕಿಸಿದ ಸೆಟ್ಟು ಮಾತಾಡುವಾಗಲೇ ಎದ್ದು ಬರುತ್ತದೆ. ಅದನ್ನು ತೆಗೆದು ಜೇಬಿನಲ್ಲಿಟ್ಟುಕೊಂಡು ಊಟಕ್ಕೆ ಕೂರುತ್ತಾರೆ.

ಮೈಸೂರಿನಲ್ಲಿ ಎರಡು ಕಡೆ ತೋರಿಸಿದೆವು. ಒಬ್ಬರು ನಾಲ್ಕು ಇಂಪ್ಲಾಂಟ್ (ಹಲ್ಲು ನಿಲ್ಲಿಸೋಕೆ ದವಡೆ ಮೂಳೆಯೊಳಗೆ ಕೂರಿಸುವ ಟೈಟಾನಿಯಂ ಸ್ಕ್ರೂ) ಹಾಕಿ ಮೂರನೇ ದಿನಕ್ಕೆ ಹಲ್ಲು ಕೂರಿಸಿಬಿಡ್ತೀವಿ ಅಂದರು. ಇನ್ನೊಬ್ಬರು ಇಂಪ್ಲಾಂಟ್ ಹಾಕಿ ಒಸಡು ಮುಚ್ಚಿ ಮೂರು ತಿಂಗಳು ಬಿಡಬೇಕು, ಆಮೇಲೆ ಹಲ್ಲು ಅಂದರು. ಮೊದಲನೆಯವರು ಕಂಪ್ಯೂಟರಿನಲ್ಲಿ ಕೆಂಪು, ಹಳದಿ, ನೀಲಿ ಬಣ್ಣದ ದವಡೆ ಚಿತ್ರ ತೋರಿಸಿ, ಭಾರ ಸಮವಾಗಿ ಹಂಚಿಹೋಗುತ್ತೆ, ಏನೂ ಆಗಲ್ಲ ಅಂದರು. ಎರಡೂ ಕಡೆ ಅದೇ ಟೈಟಾನಿಯಂ, ಅದೇ ನಾಲ್ಕು ಇಂಪ್ಲಾಂಟ್. ಮತ್ತೆ ಇಷ್ಟು ವ್ಯತ್ಯಾಸ ಯಾಕೆ? ಅಪ್ಪನಿಗೆ ಸಕ್ಕರೆ ಕಾಯಿಲೆ ಇದೆ, ಮಾತ್ರೆಯಲ್ಲೇ ಹಿಡಿತದಲ್ಲಿದೆ.

ಕುವೆಂಪುನಗರ ನಿವಾಸಿ:

ಧೈರ್ಯವಾಗಿ ಮಾಡಿಸಿ ಅಕ್ಕ. ನನಗೆ ಕೆಳಗಿನ ಸಾಲು ಹಾಗೇ ಮಾಡಿದರು. ಅದೇ ವಾರ ತಾತ್ಕಾಲಿಕ ಹಲ್ಲು, ಕೆಲವು ತಿಂಗಳ ನಂತರ ಕಾಯಂ ಹಲ್ಲು. ಇವತ್ತಿನವರೆಗೆ ಒಂದು ಸ್ಕ್ರೂ ಕೂಡ ಸಡಿಲವಾಗಿಲ್ಲ. ಮೂರು ತಿಂಗಳು ಹಲ್ಲಿಲ್ಲದೆ ಕೂರಿಸುವುದು ವಯಸ್ಸಾದವರಿಗೆ ಹಿಂಸೆ.

ಶ್ರೀರಂಗಪಟ್ಟಣ ಪೇಟೆ:

ನಮ್ಮ ಮನೆಯಲ್ಲಿ ಉಲ್ಟಾ ಆಯಿತು. ಹೆಂಡತಿಗೆ ಮೇಲ್ಗಡೆ ಹಿಂದಿನ ದವಡೆ ಹಲ್ಲು ಒಂದೇ ಒಂದು. ಇಂಪ್ಲಾಂಟ್ ಹಾಕಿದ ವಾರದೊಳಗೆ ಕ್ಯಾಪ್ ಕೂರಿಸಿದರು. ಎಲ್ಲಿ ಅಂತ ಹೇಳಲ್ಲ. ಎರಡು ತಿಂಗಳಾಗುವಷ್ಟರಲ್ಲಿ ಅಲ್ಲಾಡೋಕೆ ಶುರುವಾಯಿತು, ಕೊನೆಗೆ ಕೈಯಲ್ಲೇ ತಿರುಗಿಸಿ ತೆಗೆದರು. ಸೋಂಕು ಇರಲಿಲ್ಲ, ಕೀವು ಇರಲಿಲ್ಲ. ಸುಮ್ನೆ ಮೂಳೆ ಹಿಡಿಯಲಿಲ್ಲ ಅಂದರು. ಮೂಳೆ ಯಾಕೆ ಹಿಡಿಯಲಿಲ್ಲ ಅಂತ ಯಾರೂ ಬಿಡಿಸಿ ಹೇಳಲಿಲ್ಲ. ನನಗೂ ಈ ಚರ್ಚೆಯಲ್ಲಿ ಉತ್ತರ ಬೇಕು.

ಹಲ್ಲಿನ ಡಾಕ್ಟರ್ ಮೈಸೂರು:

ಮದ್ದೂರಿನ ಮೇಡಂ, ನಾನು ಕೃತಕ ಹಲ್ಲು ಜೋಡಿಸುವ ವಿಭಾಗದವನು. ನಿಮಗೆ ಹೇಳಿದ ಇಬ್ಬರೂ ಸುಳ್ಳು ಹೇಳಿಲ್ಲ. ಆದರೆ ಇಬ್ಬರೂ ಅರ್ಧ ಹೇಳಿದ್ದಾರೆ.

ಮೂರು ತಿಂಗಳ ಮಾತು ಸ್ವೀಡನ್ನಿನ ಬ್ರೋನೆಮಾರ್ಕ್ ಅವರಿಂದ ಬಂದದ್ದು. ಟೈಟಾನಿಯಂಗೆ ಮೂಳೆ ನೇರವಾಗಿ ಅಂಟಿಕೊಂಡು ಬೆಳೆಯುತ್ತೆ ಅನ್ನುವುದನ್ನು ಅವರು 1950ರ ದಶಕದಲ್ಲಿ ಮೊಲಗಳ ಮೇಲಿನ ಪ್ರಯೋಗದಲ್ಲಿ ಕಂಡರು. 1965ರಲ್ಲಿ ಮೊದಲ ಸಲ ಮನುಷ್ಯನ ದವಡೆಗೆ ಹಾಕಿದರು. ಒಸಡು ಮುಚ್ಚಿ ಕೆಳದವಡೆಗೆ 3 ತಿಂಗಳು, ಮೇಲ್ದವಡೆಗೆ 6 ತಿಂಗಳು ಬಿಡುವುದು ಅವರ ಪದ್ಧತಿ. ಮೂಳೆ ಕಟ್ಟಿಕೊಳ್ಳುವ ತನಕ ಅದನ್ನು ಯಾರೂ ಅಲ್ಲಾಡಿಸಬಾರದು ಅನ್ನುವುದಷ್ಟೇ ಅದರ ಹಿಂದಿನ ಕಾರಣ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಆರಂಭದಲ್ಲಿ ಮೂಳೆಗೆ ಭಾರಕ್ಕಿಂತ ಅಲುಗಾಟ ಕಷ್ಟ. ಇಂಪ್ಲಾಂಟ್ ಮತ್ತು ಮೂಳೆಯ ನಡುವೆ ಸುಮಾರು 50ರಿಂದ 150 ಮೈಕ್ರಾನ್ ತನಕದ ಅಲುಗಾಟವನ್ನು ಮೂಳೆ ಸಹಿಸಿಕೊಳ್ಳುತ್ತದೆ. ಅಂದರೆ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದ ಆಸುಪಾಸು. ಅದನ್ನು ಮೀರಿದರೆ ಅಲ್ಲಿ ಮೂಳೆಯ ಬದಲು ನಾರಿನಂಥ ಮೆದು ಪದರ ಬೆಳೆಯುತ್ತದೆ. ಆಮೇಲೆ ಎಷ್ಟು ತಿಂಗಳು ಕಾದರೂ ಅದು ಮೂಳೆ ಆಗುವುದಿಲ್ಲ. ಶ್ರೀರಂಗಪಟ್ಟಣದವರೇ, ನಿಮ್ಮ ಮನೆಯವರ ಕೇಸು ನಾನು ನೋಡಿಲ್ಲ. ಆದರೆ ಸೋಂಕಿಲ್ಲದೆ, ನೋವಿಲ್ಲದೆ ಇಂಪ್ಲಾಂಟ್ ಕೈಗೆ ಬರುವುದು ಹೆಚ್ಚಾಗಿ ಹೀಗೇ.

ಇನ್ನೊಂದು ಗಮನಿಸಿ. ಹಾಕಿದ ದಿನ ಇಂಪ್ಲಾಂಟ್ ಹಿಡಿದಿರುವುದು ಬರೀ ಬಿಗಿತದಿಂದ. ಡ್ರಿಲ್ ಮಾಡಿದ ಮೂಳೆಯನ್ನು ದೇಹ ಮೊದಲು ಕರಗಿಸುತ್ತೆ, ಆಮೇಲೆ ಹೊಸದು ಕಟ್ಟುತ್ತೆ. ಹಳೆಯ ಬಿಗಿತ ಇಳಿದು ಹೊಸ ಮೂಳೆ ಇನ್ನೂ ಗಟ್ಟಿಯಾಗದ ಸಮಯ ಒಂದಿದೆ. ಸುಮಾರು ಮೂರನೇ, ನಾಲ್ಕನೇ ವಾರ. ಅಷ್ಟು ಹೊತ್ತಿಗೆ ನೋವು, ಊತ ಎಲ್ಲ ಹೋಗಿರುತ್ತೆ. ರೋಗಿ ಎಲ್ಲ ಸರಿಯಾಯಿತು ಅಂತ ಚಕ್ಕುಲಿ ಕಡಿಯುತ್ತಾರೆ. ನನ್ನ ರೋಗಿಗಳಿಗೆ ನಾನು ಆಪರೇಷನ್ ದಿನಕ್ಕಿಂತ ಈ ವಾರಗಳ ಬಗ್ಗೆಯೇ ಜಾಸ್ತಿ ಹೇಳುತ್ತೇನೆ.

ಕಾದು ನೋಡೋಣ:

ಹಾಗಿದ್ದ ಮೇಲೆ ಮೂರು ತಿಂಗಳು ಕಾಯುವುದೇ ಸರಿ ಅಲ್ವಾ ಡಾಕ್ಟ್ರೇ? ಕಂಡುಹಿಡಿದವರೇ ಹೇಳಿದ ಮೇಲೆ ಅದನ್ನು ಮೀರುವುದು ಬರೀ ವ್ಯಾಪಾರ.

ಹಲ್ಲಿನ ಡಾಕ್ಟರ್ ಮೈಸೂರು:

ಅದೇ ಬ್ರೋನೆಮಾರ್ಕ್ 1999ರಲ್ಲಿ ಕೆಳದವಡೆಗೆ ಮೂರು ಇಂಪ್ಲಾಂಟ್ ಹಾಕಿ, ಮೊದಲೇ ಸಿದ್ಧ ಮಾಡಿದ ಟೈಟಾನಿಯಂ ಪಟ್ಟಿಯಿಂದ ಅವನ್ನು ಒಂದಕ್ಕೊಂದು ಬಿಗಿದು, ಅದೇ ದಿನ ಹಲ್ಲು ಕೊಡುವ ಪದ್ಧತಿಯನ್ನು ಪ್ರಕಟಿಸಿದರು ಸರ್. ಕಾಯಬೇಕು ಅಂದವರೇ ಕಾಯದ ದಾರಿಯನ್ನೂ ತೋರಿಸಿದರು. ಅಲುಗಾಟ ಆಗಬಾರದು ಅನ್ನುವ ನಿಯಮ ಬದಲಾಗಲಿಲ್ಲ. ಅದನ್ನು ಪಾಲಿಸುವ ಬಗೆ ಬದಲಾಯಿತು, ಅಷ್ಟೇ. ಒಂದೊಂದಾಗಿ ಬಿಟ್ಟರೆ ಅಲ್ಲಾಡುವ ಇಂಪ್ಲಾಂಟ್‌ಗಳನ್ನು ಗಟ್ಟಿಯಾಗಿ ಕೂಡಿಸಿ ಕಟ್ಟಿದರೆ ಒಂದರ ಅಲುಗಾಟವನ್ನು ಇನ್ನೊಂದು ತಡೆಯುತ್ತದೆ. ಕುವೆಂಪುನಗರದವರದು ಕೆಳದವಡೆ, ಪೂರ್ತಿ ಸಾಲು, ಕೂಡಿಸಿ ಕಟ್ಟಿದ್ದು. ಶ್ರೀರಂಗಪಟ್ಟಣದವರದು ಮೇಲ್ದವಡೆಯ ಹಿಂಭಾಗ, ಒಂಟಿ ಇಂಪ್ಲಾಂಟ್. ಬಾಯಲ್ಲಿ ಮೂಳೆ ತುಂಬಾ ಮೆದುವಾಗಿರುವುದು ಅಲ್ಲೇ, ಜಗಿಯುವ ಬಲ ಜಾಸ್ತಿ ಬೀಳುವುದೂ ಅಲ್ಲೇ. ಎರಡನ್ನೂ ಒಂದೇ ಹೆಸರಿನಿಂದ ಕರೆದರೂ ಲೆಕ್ಕದಲ್ಲಿ ಎರಡೂ ಬೇರೆ ಬೇರೆ.

ಮಂಡ್ಯ ಮೆಕ್ಯಾನಿಕಲ್ ಮೇಷ್ಟ್ರು:

ನಾನು ಇಂಜಿನಿಯರಿಂಗ್ ಪಾಠ ಮಾಡುವವನು. ಹಲ್ಲಿನ ಕಾಲೇಜಿನ ಹುಡುಗರು ಪ್ರಬಂಧಕ್ಕೆ ಆ ಬಣ್ಣದ ಚಿತ್ರದಂಥ ಕಂಪ್ಯೂಟರ್ ಮಾದರಿ ಮಾಡಿಕೊಡಿ ಅಂತ ನಮ್ಮ ಹತ್ತಿರ ಬರುತ್ತಾರೆ. ಭಾರ ಎಲ್ಲಿ ಹೋಗುತ್ತೆ ಅನ್ನುವುದನ್ನು ನಾನು ಹೇಳುತ್ತೇನೆ.

ಹಸು ಕಟ್ಟುವ ಗೂಟ ನೋಡಿದ್ದೀರಲ್ಲ. ಮೇಲಿಂದ ಎಷ್ಟು ಹೊಡೆದರೂ ಅದು ಬಿಗಿಯಾಗುತ್ತಲೇ ಹೋಗುತ್ತೆ. ಹಸು ಪಕ್ಕಕ್ಕೆ ಎಳೆದಾಗ ನೆಲದ ಮಟ್ಟದಲ್ಲಿ ಮೊದಲು ಬಾಯಿ ಬಿಡುತ್ತೆ. ತುದಿಯಲ್ಲಿ ಏನೂ ಆಗಿರುವುದಿಲ್ಲ. ಇಂಪ್ಲಾಂಟ್‌ನಲ್ಲೂ ಅಷ್ಟೇ. ಯಾವ ಮಾದರಿ ತೆಗೆದು ನೋಡಿದರೂ ಹೆಚ್ಚಿನ ಒತ್ತಡ ಇರುವುದು ಇಂಪ್ಲಾಂಟಿನ ಕುತ್ತಿಗೆಯ, ಅಂದರೆ ಒಸಡಿನ ಕಡೆಯ ತುದಿಯ, ಸುತ್ತಲಿನ ಗಟ್ಟಿ ಮೂಳೆಯಲ್ಲಿ. ಅದೇ ಬಲ ನೇರವಾಗಿ ಬಿದ್ದಾಗ ಕಡಿಮೆ, ಓರೆಯಾಗಿ ಬಿದ್ದಾಗ ಎಷ್ಟೋ ಜಾಸ್ತಿ.

ಯಾಕೆ ಕುತ್ತಿಗೆಯಲ್ಲೇ? ಬಿಗುವಿನ, ಅಂದರೆ ಬಲ ಬಿದ್ದಾಗ ಎಷ್ಟು ಬಗ್ಗದೆ ನಿಲ್ಲುತ್ತೆ ಅನ್ನುವುದರ ಅಂಕಿ ನೋಡಿ. ಟೈಟಾನಿಯಂ ಸುಮಾರು 110 ಗಿಗಾಪಾಸ್ಕಲ್. ದವಡೆಯ ಹೊರಗಿನ ಗಟ್ಟಿ ಮೂಳೆಗೆ ಲೆಕ್ಕದಲ್ಲಿ ಸಾಮಾನ್ಯವಾಗಿ 13.7 ಹಿಡಿಯುತ್ತೇವೆ, ಒಳಗಿನ ಸ್ಪಂಜಿನಂಥ ಮೂಳೆಗೆ 1.37. ಒಂದಕ್ಕಿಂತ ಇನ್ನೊಂದು ಎಷ್ಟು ಮೆದು ನೋಡಿ. ಬಗ್ಗದ ಲೋಹ ಓರೆಯಾದಾಗ ಮೊದಲು ತಡೆಯುವುದು ತೂತಿನ ಬಾಯಿಯ ಹತ್ತಿರದ ಗಟ್ಟಿ ಪದರ. ಹಾಗಾಗಿ ಭಾರವೆಲ್ಲ ಅದರ ಮೇಲೆ. ಉದ್ದ ಜಾಸ್ತಿ ಮಾಡಿದರೆ ಕುತ್ತಿಗೆಯ ಒತ್ತಡ ಅಷ್ಟೇನೂ ಇಳಿಯುವುದಿಲ್ಲ, ದಪ್ಪ ಜಾಸ್ತಿ ಮಾಡಿದರೆ ಇಳಿಯುತ್ತೆ. ಮೆದು ಮೂಳೆಯಲ್ಲಿ ಮಾತ್ರ ಉದ್ದಕ್ಕೂ ಬೆಲೆ ಇದೆ.

ಮೇಡಂ, ನಿಮ್ಮ ಅಪ್ಪನ ವಿಷಯದಲ್ಲಿ ನನಗೆ ಚಿಂತೆ ಇರುವುದು ಹಿಂದಕ್ಕೆ ಚಾಚಿದ ಹಲ್ಲುಗಳದ್ದು. ಇಂಪ್ಲಾಂಟ್ ಇಲ್ಲದ ಕಡೆ ಹಿಂದಕ್ಕೆ ಹಲ್ಲು ನೇತಾಡುವ ಹಾಗೆ ಬಿಟ್ಟಿರುತ್ತಾರಲ್ಲ, ಅದು. ಸುಲಭದ ಲೆಕ್ಕ ಮಾಡೋಣ. ಎರಡು ಇಂಪ್ಲಾಂಟ್ ನಡುವೆ 10 ಮಿಲಿಮೀಟರ್ ಅಂತರ. ಕೊನೆಯ ಇಂಪ್ಲಾಂಟಿನಿಂದ 10 ಮಿಲಿಮೀಟರ್ ಹಿಂದಕ್ಕೆ ಹಲ್ಲು ಚಾಚಿದೆ. ಆ ತುದಿಯಲ್ಲಿ 100 ನ್ಯೂಟನ್, ಅಂದರೆ ಸುಮಾರು 10 ಕಿಲೋ ಭಾರ ಬಿತ್ತು. ಹತ್ತಿರದ ಇಂಪ್ಲಾಂಟ್ ಮೇಲೆ 200 ನ್ಯೂಟನ್ ಒತ್ತುತ್ತೆ. ಮುಂದಿನ ಇಂಪ್ಲಾಂಟನ್ನು 100 ನ್ಯೂಟನ್ ಬಲ ಮೇಲಕ್ಕೆ ಕೀಳುತ್ತೆ. ಮೊನ್ನೆ ಮೊನ್ನೆ ಹಾಕಿದ ಇಂಪ್ಲಾಂಟನ್ನು ಕೀಳುವ ಬಲ! ನಾಲ್ಕು ಇಂಪ್ಲಾಂಟ್ ಕಮಾನಿನಲ್ಲಿ ಕೂತಾಗ ಅಂಕಿ ಬದಲಾಗುತ್ತೆ, ಆದರೆ ಬಲ ಹೋಗುವ ದಿಕ್ಕು ಬದಲಾಗುವುದಿಲ್ಲ. ತಾತ್ಕಾಲಿಕ ಹಲ್ಲಿನಲ್ಲಿ ಹಿಂದಕ್ಕೆ ಚಾಚು ಎಷ್ಟು ಬಿಡ್ತೀರಾ ಅಂತ ಆ ಡಾಕ್ಟರನ್ನು ಕೇಳಿ. ನನ್ನ ಪ್ರಕಾರ ಇದು ನೀವು ಕೇಳಲೇಬೇಕಾದ ಪ್ರಶ್ನೆ.

ಕುವೆಂಪುನಗರ ನಿವಾಸಿ:

ಓ, ಅದಕ್ಕೇ ನನ್ನ ತಾತ್ಕಾಲಿಕ ಸಾಲಿನಲ್ಲಿ ಹಿಂದಿನ ದವಡೆ ಹಲ್ಲುಗಳೇ ಇರಲಿಲ್ಲ. ಕಾಯಂ ಸಾಲಿನಲ್ಲಿ ಸೇರಿಸಿದರು. ಆಗ ಕಾಸು ಉಳಿಸೋಕೆ ಬಿಟ್ಟರು ಅಂದುಕೊಂಡಿದ್ದೆ. ಹಿಂದಿನ ಎರಡು ಇಂಪ್ಲಾಂಟನ್ನು ಓರೆಯಾಗಿ ಹಾಕಿದ್ದಾರೆ, ಎಕ್ಸ್‌ರೇಯಲ್ಲಿ ಕಾಣುತ್ತೆ. ಓರೆ ಬಲ ಕೆಟ್ಟದ್ದು ಅಂದರೆ ಓರೆ ಇಂಪ್ಲಾಂಟ್ ಕೆಟ್ಟದ್ದಲ್ವಾ ಮೇಷ್ಟ್ರೇ?

ಮಂಡ್ಯ ಮೆಕ್ಯಾನಿಕಲ್ ಮೇಷ್ಟ್ರು:

ಒಂಟಿಯಾಗಿ ನಿಂತಿದ್ದರೆ ಹೌದು, ಒತ್ತಡ ಏರುತ್ತೆ. ಕೂಡಿಸಿ ಕಟ್ಟಿದಾಗ ಹಾಗಲ್ಲ. ಇದು ಪೋರ್ಚುಗಲ್ಲಿನ ಹಲ್ಲಿನ ಡಾಕ್ಟರ್ ಪಾವ್ಲೋ ಮಾಲೋ ಅವರು ಪ್ರಚಾರಕ್ಕೆ ತಂದ ನಾಲ್ಕು ಇಂಪ್ಲಾಂಟ್ ಪದ್ಧತಿ. ಹಿಂದಿನ ಎರಡನ್ನು 45 ಡಿಗ್ರಿ ತನಕ ಓರೆ ಮಾಡುತ್ತಾರೆ. ಕೆಳದವಡೆಯಲ್ಲಿ ನರ ಹೊರಬರುವ ತೂತು ಇದೆ, ಅದನ್ನು ಮುಟ್ಟುವಂತಿಲ್ಲ. ಓರೆ ಮಾಡಿದರೆ ಬುಡ ನರದ ಮುಂದೆ ಇದ್ದು ತಲೆ ಹಿಂದಕ್ಕೆ ಬರುತ್ತೆ. ಹಾಗಾಗಿ ಹಿಂದಕ್ಕೆ ಚಾಚುವ ಹಲ್ಲು ಕಮ್ಮಿಯಾಗುತ್ತೆ. ಓರೆಯಿಂದ ಆಗುವ ನಷ್ಟಕ್ಕಿಂತ ಚಾಚು ಕಮ್ಮಿಯಾದ ಲಾಭ ದೊಡ್ಡದು.

ಪಿಜಿ ವಿದ್ಯಾರ್ಥಿನಿ:

ನಮಸ್ತೆ ಸರ್. ನನ್ನ ಪ್ರಬಂಧವೇ ಈ ವಿಷಯದ ಮೇಲೆ. ಆ ಬಣ್ಣದ ಚಿತ್ರದ ಬಗ್ಗೆ ಹೇಳಬೇಕು, ಏಕೆಂದರೆ ರೋಗಿಗಳಿಗೆ ಅದನ್ನು ಗ್ಯಾರಂಟಿ ಕಾರ್ಡಿನ ಹಾಗೆ ತೋರಿಸುವುದು ನನಗೆ ಬೇಸರ ತರುತ್ತದೆ.

ಇಡೀ ದವಡೆಯನ್ನು ಸಾವಿರಾರು ಚಿಕ್ಕ ತುಂಡುಗಳಾಗಿ ಭಾಗ ಮಾಡಿ, ಪ್ರತಿ ತುಂಡಿನ ಒತ್ತಡ ಲೆಕ್ಕ ಹಾಕುವ ವಿಧಾನ ಇದು. ಮೊದಲು ವಿಮಾನ, ಅಣೆಕಟ್ಟು ಕಟ್ಟುವವರು ಬಳಸಿದರು. ಇಂಪ್ಲಾಂಟ್ ಅಧ್ಯಯನಕ್ಕೆ ಬಂದದ್ದು 1976ರಲ್ಲಿ. ಅದರಲ್ಲಿ ಮೂಳೆ ಮತ್ತು ಇಂಪ್ಲಾಂಟ್ ಸೇರುವ ಜಾಗಕ್ಕೆ ಏನು ಹೇಳಿಕೊಡುತ್ತೇವೆ ಅನ್ನುವುದರ ಮೇಲೆ ಉತ್ತರ ನಿಂತಿದೆ. ಎರಡೂ ಅಂಟಿಕೊಂಡಿವೆ ಅಂತ ಹೇಳಿದರೆ ಕಂಪ್ಯೂಟರ್ ಸುತ್ತಲೂ ಭಾರ ಹಂಚುತ್ತೆ. ಒಂದು ಕಡೆ ಒತ್ತುತ್ತೆ, ಇನ್ನೊಂದು ಕಡೆ ಎಳೆಯುತ್ತೆ. ಅದು ತಿಂಗಳುಗಳ ನಂತರದ ಸ್ಥಿತಿ. ಹಾಕಿದ ಮೂರನೇ ದಿನ ಅಂಟು ಎಲ್ಲಿದೆ? ಬರೀ ತಾಗಿಕೊಂಡಿದೆ. ಆಗ ಉಜ್ಜುವಿಕೆಯ ತಡೆ (ಘರ್ಷಣೆ) ಮಾತ್ರ ಲೆಕ್ಕಕ್ಕೆ ಕೊಡಬೇಕು, ಸಾಮಾನ್ಯವಾಗಿ 0.3 ಅಂತ ಕೊಡುತ್ತೇವೆ. ಹಾಗೆ ಮಾಡಿದ ತಕ್ಷಣ ಚಿತ್ರ ಬದಲಾಗುತ್ತೆ. ಓರೆ ಬಲ ಬಿದ್ದಾಗ ಎಳೆಯುವ ಬದಿಯಲ್ಲಿ ಕೂದಲೆಳೆಯಷ್ಟು ಸಂದು ಬಿಡುತ್ತೆ. ಎಲ್ಲ ಭಾರ ಒತ್ತುವ ಬದಿಯ ಮೇಲೇ ಬೀಳುತ್ತೆ. ಅದೇ ಇಂಪ್ಲಾಂಟ್, ಅದೇ ಬಲ, ಆದರೆ ಮೂಳೆಯ ಮೇಲಿನ ಒತ್ತಡ ಜಾಸ್ತಿ.

ಎರಡನೆಯದು ಬಣ್ಣದ ಓದು. ಒಳಗಿನ ಮೆದು ಮೂಳೆ ಯಾವಾಗಲೂ ನೀಲಿ ಕಾಣುತ್ತೆ. ನೀಲಿ ಅಂದರೆ ಕ್ಷೇಮ ಅಂತ ಜನ ಓದುತ್ತಾರೆ. ಮೂಳೆ ಎಷ್ಟು ಹಿಗ್ಗುತ್ತೆ, ಕುಗ್ಗುತ್ತೆ ಅನ್ನುವುದರ ಮೇಲೆ ಅಮೆರಿಕದ ಮೂಳೆ ತಜ್ಞ ಹೆರಾಲ್ಡ್ ಫ್ರಾಸ್ಟ್ ಒಂದು ಅಂದಾಜು ಕೊಟ್ಟಿದ್ದಾರೆ. ಸುಮಾರು 4000 ಮೈಕ್ರೋಸ್ಟ್ರೈನ್, ಅಂದರೆ 0.4 ಶೇಕಡ ದಾಟಿದರೆ ಮೂಳೆಗೆ ಆಗುವ ಪೆಟ್ಟು ರಿಪೇರಿಯನ್ನು ಮೀರುತ್ತೆ. ಮೇಷ್ಟ್ರು ಹೇಳಿದ ಅಂಕಿಗಳಿಂದ ಗುಣಿಸಿ ನೋಡಿ. ಗಟ್ಟಿ ಮೂಳೆ ಆ ಗೆರೆ ಮುಟ್ಟಲು ಸುಮಾರು 55 ಮೆಗಾಪಾಸ್ಕಲ್ ಒತ್ತಡ ಬೇಕು (ಒಂದು ಗಿಗಾಪಾಸ್ಕಲ್ ಅಂದರೆ 1000 ಮೆಗಾಪಾಸ್ಕಲ್). ಮೆದು ಮೂಳೆಗೆ 5.5 ಸಾಕು. ಹತ್ತನೇ ಒಂದು ಭಾಗ! ಚಿತ್ರದಲ್ಲಿ 6 ಮೆಗಾಪಾಸ್ಕಲ್ ತಿಳಿ ನೀಲಿಯಾಗಿ ಕಾಣುತ್ತೆ, ಅಲ್ಲಿ ಮೂಳೆ ಆಗಲೇ ಮಿತಿ ದಾಟಿರುತ್ತೆ. ಅದಕ್ಕೇ ನಾನು ಒತ್ತಡದ ಚಿತ್ರದ ಜೊತೆ ಹಿಗ್ಗುವಿಕೆಯ ಚಿತ್ರವನ್ನೂ ಇಡುತ್ತೇನೆ.

ಈ ವಿಧಾನ ಬೇಡ ಅಂತಲ್ಲ. ಎರಡು ವಿನ್ಯಾಸಗಳಲ್ಲಿ ಯಾವುದು ಮೇಲು ಅಂತ ಹೋಲಿಸಿ ನೋಡಲು ಇದಕ್ಕಿಂತ ಒಳ್ಳೆಯ ಸಾಧನ ನಮ್ಮ ಹತ್ತಿರ ಇಲ್ಲ. ಆದರೆ ಅದು ಯಾರೋ ಒಬ್ಬರ ದವಡೆ, ಒಂದು ಕ್ಷಣದ ಭಾರ. ಮದ್ದೂರಿನ ಅಂಕಲ್ ದವಡೆ ಅಲ್ಲ.

ಶ್ರೀರಂಗಪಟ್ಟಣ ಪೇಟೆ:

ಇಷ್ಟು ದಿನಕ್ಕೆ ಒಬ್ಬರು ಬಿಡಿಸಿ ಹೇಳಿದಿರಿ ತಾಯಿ. ಹೆಂಡತಿಗೂ ಓದಿ ಹೇಳಿದೆ. ಮತ್ತೆ ಹಾಕಿಸಬಹುದಾ?

ಹಲ್ಲಿನ ಡಾಕ್ಟರ್ ಮೈಸೂರು:

ಹಾಕಿಸಬಹುದು. ಗುಂಡಿ ತುಂಬಿದ ಮೇಲೆ, ಸಿಬಿಸಿಟಿ (ದವಡೆ ಮೂಳೆಯನ್ನು ಮೂರು ಆಯಾಮದಲ್ಲಿ ತೋರಿಸುವ) ಸ್ಕ್ಯಾನ್ ನೋಡಿ. ಈ ಸಲ ಕ್ಯಾಪಿಗೆ ಆತುರ ಬೇಡ. ಆ ಜಾಗದಲ್ಲಿ ಕಾಯುವುದರಿಂದ ನಷ್ಟ ಏನೂ ಇಲ್ಲ, ಹಿಂದಿನ ಹಲ್ಲು ಯಾರಿಗೂ ಕಾಣುವುದಿಲ್ಲ. ಮುಂದಿನ ಹಲ್ಲಾದರೆ ಅಂದಕ್ಕೋಸ್ಕರ ಅದೇ ದಿನ ತಾತ್ಕಾಲಿಕ ಕ್ಯಾಪ್ ಕೊಡುತ್ತೇವೆ. ಅದೂ ಎದುರಿನ ಹಲ್ಲಿಗೆ ಎಲ್ಲೂ ತಾಗದ ಹಾಗೆ ಉಜ್ಜಿ.

ಮದ್ದೂರಿನ ಮೇಡಂ, ನಿಮ್ಮ ಅಪ್ಪನಿಗೆ ಮೇಲೆ ಸ್ವಂತ ಹಲ್ಲುಗಳಿವೆ ಅಂದಿರಿ. ಇದನ್ನು ಎರಡೂ ಕಡೆ ಗಮನಿಸಿದ್ದಾರಾ ಕೇಳಿ. ಮೇಲೂ ತೆಗೆದು ಹಾಕುವ ಸೆಟ್ಟು ಇರುವವರ ಕಚ್ಚುವ ಬಲ ಸ್ವಂತ ಹಲ್ಲಿನವರ ಕಾಲು ಭಾಗವೂ ಇರುವುದಿಲ್ಲ. ಸ್ವಂತ ದವಡೆ ಹಲ್ಲಿನ ಬಲ ನೂರಾರು ನ್ಯೂಟನ್. ಅದೂ ನಿಮ್ಮ ಅಪ್ಪನಿಗೆ ಒಂದೇ ಕಡೆ, ಬಲಗಡೆ. ಭಾರ ಸಮವಾಗಿ ಹಂಚುತ್ತೆ ಅನ್ನುವ ಮಾತು ಇಲ್ಲೇ ಬಿದ್ದುಹೋಗುತ್ತೆ. ಸ್ವಂತ ಹಲ್ಲಿನ ಸುತ್ತ ತೆಳು ನಾರಿನ ಪದರ ಇದೆ, ಹಲ್ಲು 25ರಿಂದ 100 ಮೈಕ್ರಾನ್ ತನಕ ಒಳಕ್ಕೆ ತಗ್ಗುತ್ತೆ. ಮೂಳೆ ಕಟ್ಟಿದ ಇಂಪ್ಲಾಂಟ್ 3ರಿಂದ 5 ಮೈಕ್ರಾನ್ ಅಷ್ಟೇ. ಜೊತೆಗೆ ಆ ಪದರದಲ್ಲಿ ಎಷ್ಟು ಜೋರಾಗಿ ಕಚ್ಚುತ್ತಿದ್ದೇವೆ ಅಂತ ತಿಳಿಸುವ ನರಗಳಿರುತ್ತವೆ. ಇಂಪ್ಲಾಂಟಿಗೆ ಅದಿಲ್ಲ. ನಿದ್ದೆಯಲ್ಲಿ ಹಲ್ಲು ಕಡಿಯುವ ಅಭ್ಯಾಸ ಇದೆಯಾ? ಅಮ್ಮನನ್ನು ಕೇಳಿ, ಅವರಿಗೆ ಗೊತ್ತಿರುತ್ತೆ. ಎಲೆ ಅಡಿಕೆ, ಹೊಗೆಸೊಪ್ಪು?

ಮದ್ದೂರಿನ ಮಗಳು:

ನಿದ್ದೆಯಲ್ಲಿ ಕಡಿಯಲ್ಲ ಅಂದರು ಅಮ್ಮ. ಎಲೆ ಅಡಿಕೆ ಮೊದಲು ಇತ್ತು, ಹಲ್ಲು ಹೋದ ಮೇಲೆ ಬಿಟ್ಟಿದ್ದಾರೆ. ಹಲ್ಲು ಬಂದರೆ ಮತ್ತೆ ಶುರು ಮಾಡುವ ಆಸೆ ಇದೆ.

ನೀವೆಲ್ಲ ಹೇಳಿದ್ದನ್ನು ಬರೆದುಕೊಂಡು ಇವತ್ತು ಮೊದಲನೆಯ ಡಾಕ್ಟರ ಹತ್ತಿರ ಹೋಗಿದ್ದೆವು. ಬೇಸರ ಮಾಡಿಕೊಳ್ಳಲಿಲ್ಲ, ಕೂತು ಮಾತಾಡಿದರು. ಮೇಲಿನ ಬಲಗಡೆ ಹಲ್ಲಿನ ವಿಷಯ ಕೇಳಿ ಸ್ಕ್ಯಾನ್ ಮತ್ತೆ ತೆಗೆದು ನೋಡಿದರು. ಮುಂದಿನ ಭಾಗದಲ್ಲಿ ಮೂಳೆ ಗಟ್ಟಿ ಇದೆಯಂತೆ. ಪ್ರತಿ ಇಂಪ್ಲಾಂಟ್ ತಿರುಗಿಸುವಾಗ ಬಿಗಿತ ಅಳೆಯುತ್ತೇನೆ, ನಾಲ್ಕರಲ್ಲೂ 35 ನ್ಯೂಟನ್ ಸೆಂಟಿಮೀಟರ್ ಬಂದರೆ ಮಾತ್ರ ಮೂರನೇ ದಿನ ಹಲ್ಲು, ಇಲ್ಲದಿದ್ದರೆ ಒಸಡು ಮುಚ್ಚಿ ಕಾಯೋಣ ಅಂದರು. ಎರಡಕ್ಕೂ ಒಪ್ಪಿ ಸಹಿ ಹಾಕಿದ್ದೇವೆ. ಇದು ಸರೀನಾ?

ಹಲ್ಲಿನ ಡಾಕ್ಟರ್ ಮೈಸೂರು:

ಸರಿಯಾದ ದಾರಿ. ಇದನ್ನು ಆಪರೇಷನ್ ಮೇಜಿನ ಮೇಲೆ ತೀರ್ಮಾನ ಮಾಡಬೇಕು. ಜಾಹೀರಾತಿನಲ್ಲಿ ತೀರ್ಮಾನ ಆಗುವ ವಿಷಯ ಅಲ್ಲ. ಬಿಗಿತ ಜಾಸ್ತಿ ಆದಷ್ಟೂ ಒಳ್ಳೆಯದು ಅಂತಲ್ಲ, ಅತಿಯಾಗಿ ಬಿಗಿದರೆ ಮೂಳೆ ಅಮುಕಿ ರಕ್ತ ಓಡಾಟ ನಿಲ್ಲುತ್ತೆ. ಐಎಸ್‌ಕ್ಯೂ ಅಂತ ಒಂದು ಅಳತೆ ಇದೆ, ಕಂಪನದಿಂದ ನೋಡುವುದು, 1ರಿಂದ 100ರ ತನಕ. 70ರ ಮೇಲಿದ್ದರೆ ಧೈರ್ಯ. ಆ ಯಂತ್ರ ಅವರಲ್ಲಿದ್ದರೆ ಅಂಕಿಗಳನ್ನು ಕಾರ್ಡಿನಲ್ಲಿ ಬರೆಸಿಕೊಳ್ಳಿ. ಸಕ್ಕರೆ ಹಿಡಿತದಲ್ಲಿದೆ ಅಂದಿರಿ, ಆದರೂ ಮೂರು ತಿಂಗಳ ಸರಾಸರಿ ಪರೀಕ್ಷೆ ಹೊಸದಾಗಿ ಮಾಡಿಸಿ ತೋರಿಸಿ.

ಪಿಜಿ ವಿದ್ಯಾರ್ಥಿನಿ:

ಅಕ್ಕ, ಇನ್ನೊಂದು. ತಾತ್ಕಾಲಿಕ ಸಾಲು ಇಂಪ್ಲಾಂಟ್‌ಗಳ ಮೇಲೆ ಸುಮ್ಮನೆ ಇಟ್ಟರೂ ಕೂರಬೇಕು. ಸ್ಕ್ರೂ ಬಿಗಿದು ಬಲವಂತವಾಗಿ ಕೂರಿಸಿದರೆ ಏನೂ ತಿನ್ನದೆ ಇದ್ದರೂ ಮೂಳೆಯ ಮೇಲೆ ದಿನವಿಡೀ ಎಳೆತ ಇರುತ್ತೆ. ಕೂರಿಸುವಾಗ ಅಪ್ಪನಿಗೆ ಎಳೆದ ಹಾಗೆ ಅನ್ನಿಸಿದರೆ ಆಗಲೇ ಹೇಳಲಿ.

ಕಾದು ನೋಡೋಣ:

ನಾನು ಈಗಲೂ ಕಾಯುವ ಪಕ್ಷವೇ. 67 ವರ್ಷ, ಸಕ್ಕರೆ ಕಾಯಿಲೆ, ಎದುರಿಗೆ ಗಟ್ಟಿ ಹಲ್ಲು. ಆದರೆ ಅಳತೆ ನೋಡಿ ಆಮೇಲೆ ಹೇಳ್ತೀನಿ ಅನ್ನುವ ಡಾಕ್ಟರ ಮೇಲೆ ನಂಬಿಕೆ ಇಡಬಹುದು. ಅಪ್ಪನ ಊಟದ ಕಥೆ ಏನು ಮೇಡಂ? ಮನೆಯಲ್ಲಿ ಅದನ್ನು ಕಾಯುವವರು ಯಾರು?

ಮದ್ದೂರಿನ ಮಗಳು:

ಅಮ್ಮ ಇದ್ದಾರಲ್ಲ. ಮುದ್ದೆ ಹೇಗಿದ್ದರೂ ಜಗಿಯುವುದಿಲ್ಲ, ನುಂಗುವುದು. ಅಪ್ಪನಿಗೆ ಅದೇ ದೊಡ್ಡ ಸಮಾಧಾನ. ನಾಟಿ ಕೋಳಿ ಸಾರಿನಲ್ಲಿ ರಸ ಮಾತ್ರವಾ ಅಂತ ಕೇಳಿ ಅಂದರು.

ಹಲ್ಲಿನ ಡಾಕ್ಟರ್ ಮೈಸೂರು:

ಎರಡು ತಿಂಗಳು ರಸ ಮಾತ್ರ. ಮುದ್ದೆ, ಬಸ್ಸಾರು, ಇಡ್ಲಿ, ಮೊಸರನ್ನ, ಚೆನ್ನಾಗಿ ಬೆಂದ ಹಿತಕಿದ ಬೇಳೆ ಎಲ್ಲ ಆಗುತ್ತೆ. ಮದ್ದೂರು ವಡೆ, ಹುರಿಗಡಲೆ, ನಿಪ್ಪಟ್ಟು, ಗಟ್ಟಿ ಅಕ್ಕಿ ರೊಟ್ಟಿ ಬೇಡ. ಕಬ್ಬು ಬೇಡವೇ ಬೇಡ. ಕಬ್ಬನ್ನು ಮುಂದಿನ ಹಲ್ಲಿನಿಂದ ಸಿಗಿದು ಪಕ್ಕಕ್ಕೆ ಎಳೆಯುತ್ತಾರೆ, ಮೇಷ್ಟ್ರು ಹೇಳಿದ ಓರೆ ಬಲ ಅದಕ್ಕಿಂತ ಜೋರಾಗಿ ಇನ್ನೆಲ್ಲೂ ಬೀಳುವುದಿಲ್ಲ. ಅಡಿಕೆ ಕಾಯಂ ಹಲ್ಲು ಬಂದ ಮೇಲೂ ಬೇಡ.

ಒಸಡು ಮುಚ್ಚಿ ಕಾಯುವ ಹಾಗಾದರೆ ಹಳೆಯ ಸೆಟ್ಟನ್ನು ಹಾಗೇ ಹಾಕಿಕೊಳ್ಳಬಾರದು. ಇಂಪ್ಲಾಂಟ್ ಇರುವ ಜಾಗದಲ್ಲಿ ಒಳಗಿನಿಂದ ಕೊರೆದು ಮೆತ್ತನೆಯ ಪದರ ಹಾಕಿಸಿಕೊಳ್ಳಿ. ಇಲ್ಲದಿದ್ದರೆ ಒಸಡಿನ ಮೇಲಿಂದಲೇ ಅದು ಇಂಪ್ಲಾಂಟನ್ನು ಒತ್ತುತ್ತೆ.

ಮೂರನೇ ದಿನಕ್ಕೆ ಹಲ್ಲು ಬಂದರೆ ಒಂದು ವಿಷಯ ಅಮ್ಮನಿಗೂ ಹೇಳಿಡಿ. ತಾತ್ಕಾಲಿಕ ಸಾಲಿನಲ್ಲಿ ಎಲ್ಲಾದರೂ ಬಿರುಕು ಕಂಡರೆ, ನೋವಿಲ್ಲದಿದ್ದರೂ, ಅದೇ ದಿನ ಮೈಸೂರಿಗೆ ಕರೆದುಕೊಂಡು ಬನ್ನಿ. ಮುಂದಿನ ಅಪಾಯಿಂಟ್‌ಮೆಂಟ್ ತನಕ ಬಿಡಬೇಡಿ. ಸಾಲು ಬಿರುಕು ಬಿಟ್ಟರೆ ನಾಲ್ಕನ್ನೂ ಕೂಡಿಸಿ ಹಿಡಿದಿದ್ದ ಕಟ್ಟು ಹೋಯಿತು ಅಂತ ಅರ್ಥ. ಆಮೇಲೆ ಒಂದೊಂದು ಇಂಪ್ಲಾಂಟ್ ಒಂಟಿಯಾಗಿ ಭಾರ ಹೊರುತ್ತಿರುತ್ತೆ.